ಸಾಲದ ಜೊತೆ ಬಂದ ವಿಮೆ ನಿಮ್ಮ ಮನೆಗೋ, ಬ್ಯಾಂಕಿಗೋ?

ನೆರೆ ಇಳಿದ ಮೇಲೆ ಕಚೇರಿಗೆ ಬರುವ ಕಕ್ಷಿದಾರರು ಧೈರ್ಯದಿಂದ ಹೇಳುವ ಮಾತೊಂದಿದೆ: "ಬ್ಯಾಂಕಿನವರೇ ಇನ್ಶೂರೆನ್ಸ್ ಮಾಡಿಸಿದ್ದಾರೆ ಸರ್, ದುಡ್ಡು ಬಂದೇ ಬರುತ್ತೆ." ಫೈಲು ಬಿಚ್ಚಿ ನೋಡಿದರೆ ಎಷ್ಟೋ ಸಲ ಅದರೊಳಗೆ ಇರುವುದು ಸಾಲಗಾರನ ಜೀವಕ್ಕೆ ಮಾಡಿಸಿದ ವಿಮೆ. ಮನೆ ಯಜಮಾನ ತೀರಿಕೊಂಡರೆ ಬ್ಯಾಂಕಿನ ಬಾಕಿ ಚುಕ್ತಾ ಮಾಡುವ ಪಾಲಿಸಿ. ಗೋಡೆ ಬಿದ್ದರೆ ಅದರಿಂದ ಒಂದು ರೂಪಾಯಿಯೂ ಹುಟ್ಟುವುದಿಲ್ಲ.

2018ರಲ್ಲಿ ಕೊಡಗು, 2019ರಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ತೀರದ ಊರುಗಳು, 2022ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ನೀರು ಕಂಡವು. ಸರ್ಕಾರದ ಪರಿಹಾರ ಇದೆಯಲ್ಲ ಎನ್ನುವವರೂ ಇದ್ದಾರೆ. 2019ರಲ್ಲಿ ಪೂರ್ತಿ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು, ನಿಜ. ಅದು ಆ ವರ್ಷದ ಸರ್ಕಾರದ ತೀರ್ಮಾನ. ಮುಂದಿನ ನೆರೆಗೂ ಅಷ್ಟೇ ಸಿಗುತ್ತದೆಂದು ಯಾರೂ ಬರೆದುಕೊಟ್ಟಿಲ್ಲ. ವಿಮೆಯಾದರೆ ಕರಾರು, ಕೇಳಿ ಪಡೆಯುವ ಹಕ್ಕು.

ಯಾವ ಪಾಲಿಸಿ, ಎಷ್ಟು ಖರ್ಚು

ನಮ್ಮ ದೇಶದಲ್ಲಿ ಪ್ರವಾಹಕ್ಕೆಂದೇ ಬೇರೆ ವಿಮೆ ಹುಡುಕಬೇಕಾಗಿಲ್ಲ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2021ರ ಏಪ್ರಿಲ್ 1ರಿಂದ 'ಭಾರತ್ ಗೃಹ ರಕ್ಷಾ' ಎಂಬ ಒಂದೇ ನಮೂನೆಯ ಪಾಲಿಸಿಯನ್ನು ಜಾರಿಗೆ ತಂದಿದೆ. ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ, ಭೂಕುಸಿತ ಎಲ್ಲವೂ ಅದರೊಳಗೇ ಇವೆ. ಹೆಸರು ಹಿಡಿದು ಇದನ್ನೇ ಕೇಳಿ. ಏಜೆಂಟರು ಕಂಪನಿಯ ಬೇರೆ ಪಾಲಿಸಿ ಮುಂದಿಟ್ಟರೆ ಅದರಲ್ಲಿ ಪ್ರವಾಹ ಸೇರಿದೆಯೇ ಎಂದು ಓದದೆ ಸಹಿ ಹಾಕಬೇಡಿ.

ವಿಮಾ ಮೊತ್ತ ಎಂದರೆ ಮನೆಯ ಮಾರುಕಟ್ಟೆ ಬೆಲೆಯಲ್ಲ, ಮತ್ತೆ ಕಟ್ಟಲು ತಗಲುವ ಖರ್ಚು. 1,000 ಚದರಡಿ ಕಾರ್ಪೆಟ್ ಏರಿಯಾದ ಮನೆ, ಕಟ್ಟುವ ದರ ಚದರಡಿಗೆ 2,000 ರೂಪಾಯಿ ಎಂದಾದರೆ 20 ಲಕ್ಷ. ಸೈಟಿನ ಬೆಲೆ ಇದಕ್ಕೆ ಸೇರುವುದಿಲ್ಲ. ಸೈಟು ಸೇರಿಸಿ 80 ಲಕ್ಷ ಬರೆಸುವ ಏಜೆಂಟರಿದ್ದಾರೆ. ಅವರ ಕಮಿಷನ್ ಏರುತ್ತದೆ, ನಿಮಗೆ ಬರುವ ಪರಿಹಾರ ಏರುವುದಿಲ್ಲ. ಪ್ರೀಮಿಯಂ ಕಂಪನಿಗೆ ಕಂಪನಿಗೆ ಬೇರೆ. ಆದರೂ ಲಕ್ಷ ರೂಪಾಯಿ ವಿಮೆಗೆ ವರ್ಷಕ್ಕೆ ಕೆಲವು ಹತ್ತು ರೂಪಾಯಿಗಳ ಲೆಕ್ಕದಲ್ಲೇ ಇರುತ್ತದೆ, ಮೇಲೆ 18% ಜಿಎಸ್‌ಟಿ. ಒಂದೇ ಸಲಕ್ಕೆ 10 ವರ್ಷದವರೆಗೂ ಮಾಡಿಸಬಹುದು.

ಕಟ್ಟಡದ ವಿಮಾ ಮೊತ್ತದ 20% ತನಕ, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯ ಸಾಮಾನಿಗೂ ರಕ್ಷಣೆ ತಾನಾಗಿ ಬರುತ್ತದೆ. ಒಡವೆಗೆ ಬೇರೆಯಾಗಿ ಬರೆಸಬೇಕು. ನಗದಿಗೆ ಇಲ್ಲ. ಕಾರು, ಬೈಕಿಗೆ ವಾಹನ ವಿಮೆಯೇ ಬೇಕು. ಬಾಡಿಗೆದಾರರು ಸಾಮಾನಿಗಷ್ಟೇ ಮಾಡಿಸಿಕೊಳ್ಳಬಹುದು. ಅಪಾರ್ಟ್‌ಮೆಂಟಿನಲ್ಲಿ ಸಂಘದ ಪಾಲಿಸಿ ಇದೆಯೆಂದು ಸುಮ್ಮನಿರಬೇಡಿ. ಅದು ಕಟ್ಟಡಕ್ಕೆ, ನಿಮ್ಮ ಫ್ರಿಜ್ಜು, ಮಂಚಕ್ಕಲ್ಲ.

ಹೆಚ್ಚು ಜನ ಬೀಳುವ ಗುಂಡಿ

ಸಾಲ ಮಂಜೂರಾಗುವ ದಿನ ಹತ್ತಾರು ಕಡೆ ಸಹಿ ಹಾಕಿಸುತ್ತಾರೆ. ನಡುವೆ ಒಂದು ವಿಮಾ ಅರ್ಜಿಯೂ ಇರುತ್ತದೆ. ಎಷ್ಟೋ ಸಲ ಪ್ರೀಮಿಯಂ ಹಣವನ್ನು ಸಾಲಕ್ಕೇ ಸೇರಿಸಿ ಅದಕ್ಕೂ ಬಡ್ಡಿ ಹಾಕುತ್ತಾರೆ. ಯಾವ ವಿಮೆ ಎಂದು ಕೇಳಿದರೆ "ಎಲ್ಲಾ ಕವರ್ ಆಗುತ್ತೆ" ಎಂಬ ಉತ್ತರ. ಪಾಲಿಸಿಯ ಪ್ರತಿ ಮಾತ್ರ ಕೈಗೆ ಕೊಡುವುದಿಲ್ಲ. ನೀವು ದುಡ್ಡು ಕೊಟ್ಟು ಕೊಂಡ ಕರಾರಿನ ಪ್ರತಿಯನ್ನು ನಿಮಗೇ ಕೊಡದಿರುವುದು ಅನ್ಯಾಯ. ನಮ್ಮ ಪಾಲಿಸಿಯನ್ನೇ ತಗೊಂಡರೆ ಸಾಲ ಎಂದು ಒತ್ತಾಯಿಸುವ ಹಕ್ಕೂ ಬ್ಯಾಂಕಿಗಿಲ್ಲ.

ಪ್ರತಿ ಸಿಕ್ಕ ಕೂಡಲೇ ಮೊದಲ ಪುಟದ ಷೆಡ್ಯೂಲ್ ನೋಡಿ. ಇದು ಜೀವಕ್ಕೋ, ಕಟ್ಟಡಕ್ಕೋ? ಅಪಾಯಗಳ ಪಟ್ಟಿಯಲ್ಲಿ ಪ್ರವಾಹ ಇದೆಯೇ? ಹಳೆಯ ಅಗ್ನಿ ವಿಮೆಗಳಲ್ಲಿ ಪ್ರೀಮಿಯಂ ಇಳಿಸಲು ಬಿರುಗಾಳಿ ಮತ್ತು ಪ್ರವಾಹವನ್ನು ತೆಗೆದುಹಾಕುವ ಅವಕಾಶವಿತ್ತು. ಅವಧಿ ಯಾವತ್ತಿಗೆ ಮುಗಿಯುತ್ತದೆ? ಸಾಲ 20 ವರ್ಷದ್ದು, ವಿಮೆ ಮೂರೋ ಐದೋ ವರ್ಷದ್ದು ಆಗಿರಬಹುದು. ಮೊತ್ತ ಎಷ್ಟು? ಬ್ಯಾಂಕು ತನ್ನ ಸಾಲದಷ್ಟಕ್ಕೇ ಮಾಡಿಸಿರಬಹುದು.

ಮೊತ್ತ ಕಡಿಮೆಯಿದ್ದರೆ ಏನಾಗುತ್ತದೆ? ಹಳೆಯ ಮಾದರಿಯ ಪಾಲಿಸಿಯಲ್ಲಿ 40 ಲಕ್ಷದ ಕಟ್ಟಡಕ್ಕೆ 20 ಲಕ್ಷ ವಿಮೆ ಇದ್ದು, 8 ಲಕ್ಷ ನಷ್ಟವಾದರೆ ಕೊಡುವುದು 4 ಲಕ್ಷ. ಅರ್ಧಕ್ಕೆ ಮಾಡಿಸಿದವರಿಗೆ ಅರ್ಧ ಎಂಬ ಲೆಕ್ಕ. ಭಾರತ್ ಗೃಹ ರಕ್ಷಾದಲ್ಲಿ ಈ ಕಡಿತವಿಲ್ಲ, ವಿಮಾ ಮೊತ್ತದ ಮಿತಿಯೊಳಗೆ 8 ಲಕ್ಷವೂ ಸಿಗಬೇಕು. ನಷ್ಟ ಅಳೆಯಲು ಕಂಪನಿ ಕಳಿಸುವ ಸರ್ವೇಯರ್ ಹಳೇ ಲೆಕ್ಕ ಹಾಕಿದರೆ ಈ ಷರತ್ತು ತೋರಿಸಿ.

ಪಾಲಿಸಿಯಲ್ಲಿ ಬ್ಯಾಂಕಿನ ಹೆಸರೂ ಇದ್ದರೆ ಕ್ಲೇಮಿನ ಹಣ ಮೊದಲು ಅಲ್ಲಿಗೆ ಹೋಗಬಹುದು. ಸಾಲಕ್ಕೆ ಜಮಾ ಮಾಡಿಕೊಳ್ಳದೆ ರಿಪೇರಿಗೆ ಬಿಡುಗಡೆ ಮಾಡಿ ಎಂದು ಮುಂಚೆಯೇ ಲಿಖಿತವಾಗಿ ಕೇಳಿ. ಹಳೆಯ ಮನೆ ಕೊಂಡವರಿಗೆ ಇನ್ನೊಂದು ಎಚ್ಚರಿಕೆ: ಮಾರಿದವರ ಪಾಲಿಸಿ ಕ್ರಯಪತ್ರದ ಜೊತೆ ತಾನಾಗಿ ನಿಮಗೆ ಬರುವುದಿಲ್ಲ.

ಎಲ್ಲಿ ಕೈಬಿಡುತ್ತದೆ

ಭೂಕುಸಿತಕ್ಕೆ ರಕ್ಷಣೆ ಇದೆ ಎಂದೆ. ಆದರೆ ನದಿ ಅಥವಾ ಕಡಲ ಕೊರೆತದಿಂದ ನೆಲ ಹೋದರೆ ಇಲ್ಲ. ಮಣ್ಣು ತುಂಬಿ ಎತ್ತರಿಸಿದ ಜಾಗ ಕುಸಿದರೆ, ನೆಲ ಅಗೆದ ಕಾಮಗಾರಿಯಿಂದ ಜರುಗಿದರೆ, ಹೊಸ ಕಟ್ಟಡ ಸಹಜವಾಗಿ ಕೂತು ಬಿರುಕು ಬಿಟ್ಟರೆ ಇಲ್ಲ. ಕೊಡಗಿನಲ್ಲಿ ಗುಡ್ಡ ಕಡಿದು ಮನೆ ಕಟ್ಟಿದವರು, ಬೆಂಗಳೂರಿನಲ್ಲಿ ತಗ್ಗು ತುಂಬಿಸಿ ಕಟ್ಟಿದವರು ಇದನ್ನು ಎರಡೆರಡು ಸಲ ಓದಬೇಕು. ವರ್ಷಗಟ್ಟಲೆ ಒಸರಿದ ತೇವವೂ ಪ್ರವಾಹವಲ್ಲ. ಗೋಡೆ ಮಣ್ಣಿನದೋ ಇಟ್ಟಿಗೆಯದೋ, ಚಾವಣಿ ಎಂಥದು ಎಂಬುದನ್ನು ಅರ್ಜಿಯಲ್ಲಿ ಇದ್ದ ಹಾಗೇ ಬರೆಸಿ. ಏಜೆಂಟ್ "ಆರ್‌ಸಿಸಿ ಅಂತ ಹಾಕೋಣ" ಎಂದರೆ ಒಪ್ಪಬೇಡಿ. ಸುಳ್ಳಿಗೆ ಸಹಿ ನಿಮ್ಮದಿರುತ್ತದೆ, ಕ್ಲೇಮ್ ತಿರಸ್ಕಾರವಾದಾಗ ಅವನು ಫೋನ್ ಎತ್ತುವುದಿಲ್ಲ.

ನೀರು ಇಳಿದ ಮೇಲೆ

ಮೊದಲು ಫೋಟೊ, ವಿಡಿಯೊ. ಗೋಡೆಯ ಮೇಲಿನ ನೀರಿನ ಗುರುತು ಕಾಣಲಿ. ಕಂಪನಿಗೆ ಅಂದೇ ತಿಳಿಸಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ, ಇ-ಮೇಲನ್ನೂ ಕಳಿಸಿ. ಮನೆ ತೊಳೆಯಲೇಬೇಕಾದರೆ ತೊಳೆಯಿರಿ, ಹಾಳಾದ ಸಾಮಾನನ್ನು ಮಾತ್ರ ಸರ್ವೇಯರ್ ನೋಡುವ ತನಕ ಎಸೆಯಬೇಡಿ. ಕೊಳೆತು ನಾರುತ್ತಿದ್ದರೆ ಚಿತ್ರ ತೆಗೆದು, ಕಂಪನಿಗೆ ಬರೆದು, ಆಮೇಲೆ ಎಸೆಯಿರಿ. ಗ್ರಾಮ ಆಡಳಿತಾಧಿಕಾರಿ ಮಾಡುವ ಮಹಜರಿನ ಪ್ರತಿ ಕೇಳಿ ಪಡೆಯಿರಿ. ಸರ್ಕಾರದ ಪರಿಹಾರಕ್ಕೂ ವಿಮೆಗೂ ಅದೇ ಆಧಾರ.

2024ರ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಸರ್ವೇಯರ್ ನೇಮಕ 24 ಗಂಟೆಯೊಳಗೆ, ವರದಿ 15 ದಿನದೊಳಗೆ, ವರದಿ ಬಂದ 7 ದಿನದೊಳಗೆ ಕಂಪನಿಯ ತೀರ್ಮಾನ ಆಗಬೇಕು. ಬರೀ ದಾಖಲೆ ಸಾಲದೆಂದು ಕ್ಲೇಮ್ ತಿರಸ್ಕರಿಸುವಂತಿಲ್ಲ. ಹೀಗಿದ್ದೂ ನೆರೆಯಲ್ಲಿ ಕೊಚ್ಚಿಹೋದ ಟಿವಿಯ ಬಿಲ್ಲು ತನ್ನಿ ಎಂದು ಸಂತ್ರಸ್ತರನ್ನು ಅಲೆಸುವವರನ್ನು ಕಂಡರೆ ಸಿಟ್ಟು ಬರುತ್ತದೆ. ಬಿಲ್ಲಿಲ್ಲದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್, ಹಳೆಯ ಫೋಟೊ ಕೊಡಿ.

ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿದೆ. ವರದಿಯ ಪ್ರತಿ ಕೇಳಿ. ಖಾಲಿ ವೋಚರಿಗೆ ಸಹಿ ಬೇಡ. ಕೊಟ್ಟ ಮೊತ್ತಕ್ಕೆ ಒಪ್ಪಿಗೆಯಿಲ್ಲದಿದ್ದರೆ ಹಾಗೆಂದು ಅಂದೇ ಇ-ಮೇಲ್ ಮಾಡಿ. "ಇಷ್ಟು ಪರ್ಸೆಂಟ್ ಕೊಡಿ, ಪಾಸ್ ಮಾಡಿಸ್ತೀನಿ" ಎನ್ನುವ ದಲ್ಲಾಳಿಗೆ ಮೂಲ ಪಾಲಿಸಿ ಕೊಟ್ಟರೆ ಅದನ್ನು ಬಿಡಿಸಿಕೊಳ್ಳುವುದೇ ಇನ್ನೊಂದು ಕೇಸು.

ಕೊಡದಿದ್ದರೆ

ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದದ್ದು ಒಪ್ಪಿಗೆಯಾಗದಿದ್ದರೆ, ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಬರೆಯಿರಿ. ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. 50 ಲಕ್ಷ ರೂಪಾಯಿವರೆಗೆ ಪರಿಹಾರ ಕೊಡಿಸುವ ಅಧಿಕಾರ ಅವರಿಗಿದೆ. ಆದರೆ ಕಂಪನಿ ತಿರಸ್ಕರಿಸಿದ ಒಂದು ವರ್ಷದೊಳಗೆ ಹೋಗಬೇಕು, ಅದೇ ವಿಷಯ ಬೇರೆ ಕಡೆ ವಿಚಾರಣೆಯಲ್ಲಿರಬಾರದು. ಅದು ಬೇಡವೆಂದರೆ ನೀವಿರುವ ಜಿಲ್ಲೆಯ ಗ್ರಾಹಕರ ಆಯೋಗವಿದೆ, ಎರಡು ವರ್ಷದೊಳಗೆ. ಅಲ್ಲಿ ಶುಲ್ಕ ನಿಂತಿರುವುದು ನೀವು ಕಟ್ಟಿದ ಪ್ರೀಮಿಯಂ ಮೇಲೆ, ಕೇಳುವ ಪರಿಹಾರದ ಮೇಲಲ್ಲ. ಪ್ರೀಮಿಯಂ 5 ಲಕ್ಷ ದಾಟದಿದ್ದರೆ ಶುಲ್ಕವೇ ಇಲ್ಲ. ಮನೆ ವಿಮೆಯಲ್ಲಿ ಅಷ್ಟು ದಾಟುವ ಮಾತೇ ಇಲ್ಲ.

ಇದೆಲ್ಲ ಆಮೇಲಿನದು. ಈ ವಾರ ಮಾಡಬೇಕಾದದ್ದು ಇಷ್ಟೇ. ಬಿಳಿ ಹಾಳೆಯಲ್ಲಿ ಬ್ಯಾಂಕ್ ಮ್ಯಾನೇಜರಿಗೆ ಬರೆಯಿರಿ: "ನನ್ನ ಗೃಹಸಾಲದ ಖಾತೆಗೆ ಸಂಬಂಧಿಸಿ ಮಾಡಿಸಿರುವ ಎಲ್ಲ ವಿಮಾ ಪಾಲಿಸಿಗಳ ಪ್ರತಿ ಕೊಡಿ. ಕಟ್ಟಡಕ್ಕೆ ವಿಮೆ ಇದೆಯೇ, ಪ್ರವಾಹ ಸೇರಿದೆಯೇ, ಅವಧಿ ಎಂದಿಗೆ ಮುಗಿಯುತ್ತದೆ, ಲಿಖಿತವಾಗಿ ತಿಳಿಸಿ." ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಶಾಖೆಯ ಇ-ಮೇಲಿಗೆ ಕಳಿಸಿ. ಮನೆಗೆ ವಿಮೆ ಇಲ್ಲ ಎಂಬ ಉತ್ತರ ಬಂದರೆ ಮಳೆಗಾಲಕ್ಕೆ ಮುಂಚೆ ನೀವೇ ಮಾಡಿಸಿ. ನೀರು ಹೊಸ್ತಿಲು ದಾಟಿದ ಮೇಲೆ ತೆಗೆದುಕೊಂಡ ಪಾಲಿಸಿ ಆ ನೀರಿನ ನಷ್ಟವನ್ನು ಕೊಡುವುದಿಲ್ಲ.