ಯಂತ್ರಕ್ಕೆ ಮುಂಚೆ, ಯಂತ್ರದ ನಂತರ

ನಮ್ಮ ಲ್ಯಾಬಿಗೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಸೀಕ್ವೆನ್ಸರ್ ಎಲ್ಲಿದೆ ಎಂದು. ತೋರಿಸುತ್ತೇನೆ. ಬಿಳಿ ಡಬ್ಬಿ, ಒಂದು ಪರದೆ, ಸಣ್ಣಗೆ ಗುಂಯ್‌ಗುಡುವ ಸದ್ದು. ಐದು ನಿಮಿಷದಲ್ಲಿ ನೋಡಿ ಮುಗಿಯುತ್ತದೆ. ಗೆಡ್ಡೆಯ ಡಿಎನ್‌ಎ ಓದುವ ಈ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳ ಪಟ್ಟಿ ಹಾಕಿದರೆ ಆ ಡಬ್ಬಿಯ ಪಾಲಿಗೆ ಬರುವುದು ತೀರ ಕಡಿಮೆ. ನಾನು ಎಡವಿದ್ದೆಲ್ಲ ಸ್ಯಾಂಪಲ್ ಅದರೊಳಗೆ ಹೋಗುವ ಮುಂಚೆ, ಇಲ್ಲವೇ ಉತ್ತರ ಹೊರಬಂದ ಮೇಲೆ. ಹೊಸಬರು ಅವೇ ಗುಂಡಿಗಳಿಗೆ ಬೀಳುವುದು ಬೇಡ, ಬೀಳುವುದಾದರೆ ಬೇರೆ ಗುಂಡಿಗಳಿಗೆ ಬೀಳಲಿ ಎಂದು ಕೆಲವನ್ನು ಬರೆದಿಟ್ಟಿದ್ದೇನೆ.

1. ಟ್ಯೂಬಿನ ಮುಚ್ಚಳದ ಬಣ್ಣ ನೋಡಿ

ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯಾ ಎಂಬ ರಕ್ತ ಕ್ಯಾನ್ಸರ್ ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುವ ಕತೆ. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೋವೆಲ್ ಮತ್ತು ಡೇವಿಡ್ ಹಂಗರ್‌ಫೋರ್ಡ್ ಈ ರೋಗಿಗಳ ಕೋಶಗಳಲ್ಲಿ ಒಂದು ಮೋಟು ಕ್ರೋಮೋಸೋಮ್ ಕಂಡರು. 9 ಮತ್ತು 22ನೇ ಕ್ರೋಮೋಸೋಮ್‌ಗಳು ತುಂಡುಗಳನ್ನು ಅದಲುಬದಲು ಮಾಡಿಕೊಂಡದ್ದರಿಂದ ಅದು ಹಾಗಾಗಿದೆ ಎಂದು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಆ ಬೆಸುಗೆಯಿಂದ ಹುಟ್ಟುವ ಬಿಸಿಆರ್-ಎಬಿಎಲ್ ಪ್ರೋಟೀನನ್ನು ತಡೆಯುವ ಇಮ್ಯಾಟಿನಿಬ್‌ಗೆ 2001ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಡಯಾಗ್ನಾಸ್ಟಿಕ್ಸ್‌ಗೆ ಬಂದ ಹೊಸತರಲ್ಲಿ ಇದಿಷ್ಟನ್ನೂ ಗಿಣಿಪಾಠ ಒಪ್ಪಿಸುತ್ತಿದ್ದವಳು ನಾನು. ಒಂದು ವಾರ ಬಂದ ಸ್ಯಾಂಪಲ್‌ಗಳಲ್ಲಿ ಪಿಸಿಆರ್ ಮಾತ್ರ ಆಗಲೇ ಇಲ್ಲ. ರೋಗದ ಜೀನ್ ಹಾಗಿರಲಿ, ಎಲ್ಲರ ರಕ್ತದಲ್ಲೂ ಕಾಣಲೇಬೇಕಾದ ಕಂಟ್ರೋಲ್ ಜೀನ್ ಕೂಡ ಕಾಣಲಿಲ್ಲ. ಪ್ರೈಮರ್ ಬದಲಿಸಿದೆ. ಕಿಣ್ವದ ಬ್ಯಾಚ್ ಮೇಲೆ ಅನುಮಾನಪಟ್ಟು ಕಂಪನಿಗೆ ಖಾರವಾದ ಈಮೇಲ್ ಬರೆದೆ.

ವಿಷಯ ಬಿಡಿಸಿದವರು ರಕ್ತ ತೆಗೆಯುವ ಸಿಸ್ಟರ್. "ಮೇಡಂ, ಹೋದ ವಾರದಿಂದ ಎರಡೂ ಟೆಸ್ಟಿಗೆ ಹಸಿರು ಮುಚ್ಚಳದ್ದೇ ಕಳಿಸ್ತಾ ಇದೀವಿ, ಪರವಾಗಿಲ್ವಾ?" ಹಸಿರು ಮುಚ್ಚಳದ ಟ್ಯೂಬಿನಲ್ಲಿ ಹೆಪಾರಿನ್ ಇರುತ್ತದೆ. ಕ್ರೋಮೋಸೋಮ್ ನೋಡುವವರಿಗೆ ಕೋಶಗಳು ಜೀವಂತ ಬೇಕು, ಅವರಿಗೆ ಅದೇ ಸರಿ. ಪಿಸಿಆರ್‌ಗೆ ಹೆಪಾರಿನ್ ಅಡ್ಡಗಾಲು ಹಾಕುತ್ತದೆ, ನಮಗೆ ಬೇಕಾದ್ದು ಇಡಿಟಿಎ ಇರುವ ನೇರಳೆ ಮುಚ್ಚಳದ್ದು. ಒಂದೇ ರೋಗ, ಒಂದೇ ತೋಳು, ಎರಡು ಟ್ಯೂಬು. ಟೆಸ್ಟ್ ಫಾರ್ಮಿನಲ್ಲಿ ಇದನ್ನು ಬರೆಯಬೇಕಾದವಳು ನಾನೇ, ಬರೆದಿರಲಿಲ್ಲ. ರಾಯಚೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದು ಹೋಗಿದ್ದವರೊಬ್ಬರನ್ನು ಮತ್ತೆ ಕರೆಸಬೇಕಾಯಿತು. ಅವರು ಬೈಯಲಿಲ್ಲ. "ಮೊದ್ಲಿನ ರಕ್ತ ಏನ್ ಮಾಡಿದ್ರಿ ಮೇಡಂ?" ಎಂದಷ್ಟೇ ಕೇಳಿದರು. ಕಂಪನಿಗೂ ಇನ್ನೊಂದು ಈಮೇಲ್ ಹೋಯಿತು, ಈ ಸಲ ಖಾರವಿರಲಿಲ್ಲ.

2. ಫ್ಲಾಸ್ಕಿನ ಮೇಲೆ ಬರೆದದ್ದನ್ನು ನಂಬಬೇಡಿ

ಇದು ಪಿಎಚ್.ಡಿ. ಕಾಲದ್ದು. ಸ್ತನ ಕ್ಯಾನ್ಸರ್ ಹರಡುವ ಬಗೆ ತಿಳಿಯಲು ಎಂಡಿಎ-ಎಂಬಿ-435 ಎಂಬ ಸೆಲ್ ಲೈನ್ ಬೆಳೆಸುತ್ತಿದ್ದೆ. ಪ್ರಪಂಚದ ಎಷ್ಟೋ ಲ್ಯಾಬುಗಳಲ್ಲಿ ಅದೇ ನಡೆಯುತ್ತಿತ್ತು. ಅದರ ಜೀನ್‌ಗಳ ವರ್ತನೆ ಮೆಲನೋಮಾದಂತಿದೆಯಲ್ಲ ಎಂಬ ಅನುಮಾನ 2000ದಲ್ಲೇ ಅಚ್ಚಾಗಿತ್ತು. ಅದು ಎಂ14 ಎಂಬ ಮೆಲನೋಮಾ ಕೋಶವೇ ಎಂದು 2007ರಲ್ಲಿ ಇನ್ನೊಂದು ಲೇಖನ ಹೇಳಿತು. ಮೊದಲನೆಯದನ್ನು ನಾನು ಓದಿದ್ದೆ. ಓದಿ, ನಮ್ಮ ಫ್ಲಾಸ್ಕಿನಲ್ಲಿರುವುದು ಬೇರೆ ಇರಬೇಕು ಎಂದುಕೊಂಡಿದ್ದೆ! ಎರಡನೆಯದು ಬಂದಾಗ ಸ್ತನದ ಬಗ್ಗೆ ಬರೆದ ನನ್ನ ಒಂದಿಡೀ ಅಧ್ಯಾಯ ಚರ್ಮಕ್ಕೆ ಹೋಯಿತು.

ಹಿರಿಯರೂ ಹೀಗೇ ಬಿದ್ದಿದ್ದಾರೆ ಎಂಬುದೊಂದು ಸಮಾಧಾನ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ, ಅವರನ್ನು ಒಂದು ಮಾತು ಕೇಳದೆ ಬೆಳೆಸಿದ ಹೀಲಾ ಕೋಶಗಳು ಬೇರೆಯವರ ಫ್ಲಾಸ್ಕಿಗೆ ಹೊಕ್ಕರೆ ಅಲ್ಲಿದ್ದವನ್ನು ಮೀರಿ ಬೆಳೆದುಬಿಡುತ್ತವೆ. ಬೇರೆ ಬೇರೆ ಹೆಸರು ಹೊತ್ತ ಹಲವು ಸೆಲ್ ಲೈನ್‌ಗಳು ನಿಜದಲ್ಲಿ ಹೀಲಾ ಎಂದು 1966ರಲ್ಲೇ ಸ್ಟ್ಯಾನ್ಲಿ ಗಾರ್ಟ್ಲರ್ ಹೇಳಿದ್ದರು. ಪೊಲೀಸರು ಡಿಎನ್‌ಎ ಗುರುತಿಗೆ ಬಳಸುವ ಎಸ್‌ಟಿಆರ್ ಪರೀಕ್ಷೆ ಈ ಕೋಶಗಳಿಗೂ ನಡೆಯುತ್ತದೆ. ಖರ್ಚು ಹೆಚ್ಚೇನಿಲ್ಲ, ಒಂದು ಅಧ್ಯಾಯಕ್ಕಿಂತ ಬಹಳ ಅಗ್ಗ.

3. ಫಾರ್ಮಲಿನ್ ತಾನೇ ಮ್ಯುಟೇಶನ್ ಹುಟ್ಟಿಸುತ್ತದೆ

ಆಪರೇಷನ್‌ನಲ್ಲಿ ತೆಗೆದ ಗೆಡ್ಡೆಯನ್ನು ಫಾರ್ಮಲಿನ್‌ನಲ್ಲಿಟ್ಟು, ಆಮೇಲೆ ಮೇಣದ ಬ್ಲಾಕ್ ಮಾಡುತ್ತಾರೆ. ಮೈಕ್ರೋಸ್ಕೋಪಿಗೆ ಅದು ಸೊಗಸು, ಡಿಎನ್‌ಎಗೆ ಸಂಕಟ. ಫಾರ್ಮಲಿನ್ ಡಿಎನ್‌ಎಯನ್ನು ಚೂರು ಮಾಡುತ್ತದೆ, ಜೊತೆಗೆ ಅದರಲ್ಲಿಟ್ಟ ಅಂಗಾಂಶದಲ್ಲಿ ಅಲ್ಲಲ್ಲಿ ಸೈಟೋಸಿನ್ ತನ್ನ ಅಮೈನೋ ಗುಂಪು ಕಳಚಿಕೊಂಡು ಯುರಾಸಿಲ್ ಆಗುತ್ತದೆ. ಪಿಸಿಆರ್ ಅದನ್ನು ಥೈಮಿನ್ ಎಂದು ಓದುತ್ತದೆ. ರೋಗಿಯ ಮೈಯಲ್ಲಿ ಎಂದೂ ಇರದಿದ್ದ ಸಿ-ಯಿಂದ-ಟಿ ಬದಲಾವಣೆಗಳು ಹೀಗೆ ಫಾರ್ಮಲಿನ್ ಡಬ್ಬಿಯಲ್ಲಿ ಹುಟ್ಟಿಕೊಳ್ಳುತ್ತವೆ.

ಇದನ್ನು ಓದಿ ತಿಳಿದಿದ್ದೆ, ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ಪಡೆದಿದ್ದೆ. ಆದರೂ ಹಳೆಯ ಬ್ಲಾಕುಗಳಲ್ಲಿ ಯಾರೂ ಕಾಣದ ಮ್ಯುಟೇಶನ್‌ಗಳ ದೊಡ್ಡ ಸಾಲು ಸಿಕ್ಕಾಗ ಲ್ಯಾಬ್ ಮೀಟಿಂಗಿನಲ್ಲಿ ಸ್ಲೈಡ್ ಹಾಕಿ ಮೆರೆದೆ. ಹಿರಿಯ ಸಹೋದ್ಯೋಗಿಯೊಬ್ಬರು ಕಾಫಿ ಲೋಟ ಕೆಳಗಿಡದೆ, "ಇದೇ ಗೆಡ್ಡೆಯ ಫ್ರೀಜರ್ ತುಂಡು ಇದೆಯಲ್ಲ, ಅದರಲ್ಲಿ ನೋಡಿದ್ಯೇನಮ್ಮ?" ಎಂದರು. ನೋಡಿರಲಿಲ್ಲ. ನೋಡಿದೆ. ಒಂದೂ ಇರಲಿಲ್ಲ.

ಬ್ಲಾಕುಗಳು ಬಂದ ಕಡೆ ಹೋಗಿ ವಿಚಾರಿಸಿದಾಗ ಅಲ್ಲಿನ ಟೆಕ್ನೀಷಿಯನ್ ಮುಚ್ಚುಮರೆಯಿಲ್ಲದೆ ಹೇಳಿದರು. ಫಾರ್ಮಲಿನ್‌ಗೆ ಬಫರ್ ಹಾಕುವ ರೂಢಿ ಇರಲಿಲ್ಲ, ನಲ್ಲಿ ನೀರು ಬೆರೆಸುತ್ತಿದ್ದರು. ದೀಪಾವಳಿ ರಜೆ ಬಂದರೆ ಗೆಡ್ಡೆ ರಜೆ ಮುಗಿಯುವವರೆಗೂ ಅದರಲ್ಲೇ. ಸ್ತನ ಕ್ಯಾನ್ಸರಿನ ರಿಸೆಪ್ಟರ್ ಪರೀಕ್ಷೆಗೆ ಕನಿಷ್ಠ 6 ಗಂಟೆ, ಗರಿಷ್ಠ 72 ಗಂಟೆ ಎಂಬ ನಿಯಮವಿದೆ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಈಗ ಯುರಾಸಿಲ್ ಕಿತ್ತುಹಾಕುವ ಕಿಣ್ವ ಬಳಸುತ್ತೇವೆ, ಅನುಮಾನ ಬಂದದ್ದನ್ನು ಎರಡನೇ ಸಲ ಬೇರೆಯಾಗಿ ಓದುತ್ತೇವೆ. ಅದಕ್ಕೂ ಮುಂಚೆ ಬ್ಲಾಕ್ ಮಾಡಿದವರಿಗೆ ಫೋನ್ ಹಚ್ಚುತ್ತೇವೆ. ಮೂರರಲ್ಲಿ ಹೆಚ್ಚು ಉಪಯೋಗ ಫೋನಿನದೇ.

4. ಪೆಥಾಲಜಿಸ್ಟ್ ಪಕ್ಕ ಕೂತು ಸ್ಲೈಡ್ ನೋಡಿ

ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗಳಲ್ಲಿ ಇಜಿಎಫ್‌ಆರ್ ಜೀನ್ ಕೆಟ್ಟಿದ್ದರೆ ಜೆಫಿಟಿನಿಬ್‌ನಂಥ ಮಾತ್ರೆ ಕೆಲಸ ಮಾಡುತ್ತದೆ ಎಂದು 2004ರಲ್ಲಿ ಗೊತ್ತಾಯಿತು. ಆ ಪರೀಕ್ಷೆಯನ್ನು ನಾವು ಸ್ಯಾಂಗರ್ ವಿಧಾನದಲ್ಲಿ ಮಾಡುತ್ತಿದ್ದ ದಿನಗಳು. ಎಂದೂ ಬೀಡಿ ಸಿಗರೇಟು ಮುಟ್ಟದ ಮಹಿಳೆಯೊಬ್ಬರ ಬಯಾಪ್ಸಿ ಬಂತು. ಓದಿದೆ, ಏನೂ ಕಾಣಲಿಲ್ಲ, "ಮ್ಯುಟೇಶನ್ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಅವರಿಗೆ ಕೀಮೋ ಶುರುವಾಯಿತು. ಆಂಕಾಲಜಿಸ್ಟ್‌ಗೆ ಸಮಾಧಾನವಾಗದೆ ಮತ್ತೆ ಬಯಾಪ್ಸಿ ಮಾಡಿಸಿದರು. ಎಕ್ಸಾನ್ 19ರಲ್ಲಿ ಒಂದು ತುಂಡು ಹಾರಿಹೋಗಿತ್ತು. ಮಾತ್ರೆಗೆ ಮಣಿಯುವ ಮ್ಯುಟೇಶನ್‌ಗಳಲ್ಲಿ ಅದು ತೀರ ಸಾಮಾನ್ಯವಾದದ್ದು.

ಮೊದಲ ಸ್ಲೈಡನ್ನು ಪೆಥಾಲಜಿಸ್ಟ್ ತೋರಿಸಿದಾಗ ನನ್ನ ಲೆಕ್ಕ ತಪ್ಪಿದ್ದು ತಿಳಿಯಿತು. ಆ ಚೂರಿನಲ್ಲಿ ಕ್ಯಾನ್ಸರ್ ಕೋಶ ಐದರಲ್ಲೊಂದು ಪಾಲಿತ್ತೋ ಇಲ್ಲವೋ, ಉಳಿದದ್ದು ಲಿಂಫೋಸೈಟ್ ಮತ್ತು ನಾರು. ನೂರರಲ್ಲಿ ಇಪ್ಪತ್ತು ಕ್ಯಾನ್ಸರ್ ಕೋಶ ಎಂದುಕೊಳ್ಳಿ. ಪ್ರತಿ ಕೋಶದ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿದ್ದರೆ ಒಟ್ಟು ಡಿಎನ್‌ಎಯಲ್ಲಿ ಮ್ಯುಟೇಶನ್ನಿನ ಪಾಲು ಶೇ 10. ಸ್ಯಾಂಗರ್ ವಿಧಾನಕ್ಕೆ ಶೇ 15ರಿಂದ 20 ಆದರೂ ಇರಬೇಕು. ನನ್ನ ವರದಿಯ "ಇಲ್ಲ" ಎಂಬುದಕ್ಕೆ ಅರ್ಥವೇ ಇರಲಿಲ್ಲ. ಅಂದಿನಿಂದ ಪೆಥಾಲಜಿಸ್ಟ್ ಗಾಜಿನ ಮೇಲೆ ಪೆನ್ನಿನಲ್ಲಿ ಸುತ್ತುಹಾಕಿದ ಜಾಗದಿಂದಲೇ ಅಂಗಾಂಶ ಕೆರೆದು ತೆಗೆಯುತ್ತೇವೆ, ಗೆಡ್ಡೆಯ ಪಾಲು ಎಷ್ಟು ಎಂದು ವರದಿಯಲ್ಲೇ ಬರೆಯುತ್ತೇವೆ, ಸಾಲದಿದ್ದರೆ "ಸಾಲದು" ಎನ್ನುತ್ತೇವೆ. "ಸಾಲದು" ಎಂದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ಬರಲಿ.

5. ಸ್ಪ್ರೆಡ್‌ಶೀಟಿನ ಜಾಣತನಕ್ಕೆ ಹೆದರಿ

ಕರುಳಿನ ಕ್ಯಾನ್ಸರಿನ ರಕ್ತಪರೀಕ್ಷೆಯಲ್ಲಿ ಹೆಸರಾದ ಸೆಪ್ಟ್9 ಜೀನ್ ನನ್ನ ಪಟ್ಟಿಯಿಂದ ಮಾಯವಾಗಿ, ಅದರ ಜಾಗದಲ್ಲಿ ಸೆಪ್ಟೆಂಬರ್ 9 ಕೂತಿತ್ತು. ಅನ್ನನಾಳದ ಕ್ಯಾನ್ಸರಿಗೆ ಸಂಬಂಧಿಸಿದ ಡಿಇಸಿ1 ಡಿಸೆಂಬರ್ ಆಗಿತ್ತು. ಎಕ್ಸೆಲ್ ಹೀಗೆ ಮಾಡುತ್ತದೆಂದು 2004ರಿಂದಲೂ ಜನ ಎಚ್ಚರಿಸುತ್ತಿದ್ದರು. ಕೊನೆಗೆ 2020ರ ಹೊತ್ತಿಗೆ ಸೋತು ಜೀನ್‌ಗಳ ಹೆಸರನ್ನೇ ಬದಲಿಸಿದರು. ಸೆಪ್ಟ್9 ಈಗ ಸೆಪ್ಟಿನ್9. ಮನುಷ್ಯನ ಜೀನ್ ತಂತ್ರಾಂಶಕ್ಕೆ ತಲೆಬಾಗಿದ್ದು ಇದೇ ಮೊದಲಿರಬೇಕು.

6. ಸಹಿ ಹಾಕಿಸುವ ಮುಂಚೆ "ನಿಮಗೇನೂ ಸಿಗದಿರಬಹುದು" ಎಂದು ಹೇಳಿ

ವಸಡು ಮತ್ತು ಕೆನ್ನೆಯ ಒಳಭಾಗದ ಕ್ಯಾನ್ಸರ್ ಮೇಲೆ ನಮ್ಮ ದೇಶದಲ್ಲಿ ಒಳ್ಳೆಯ ಕೆಲಸವಾಗಿದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಜೀನೋಮ್ ಕೂಟದ ಭಾರತದ ತಂಡ, ಅಂದರೆ ಬಂಗಾಳದ ಕಲ್ಯಾಣಿಯಲ್ಲಿರುವ ಜೀನೋಮಿಕ್ಸ್ ಸಂಸ್ಥೆ ಮತ್ತು ನವಿ ಮುಂಬಯಿಯ ಆಕ್ಟ್ರೆಕ್ ಕ್ಯಾನ್ಸರ್ ಸಂಶೋಧನಾ ಕೇಂದ್ರ, ಈ ಗೆಡ್ಡೆಗಳಲ್ಲಿ ಕೆಡುವ ಜೀನ್‌ಗಳನ್ನು 2013ರಲ್ಲಿ ಪ್ರಕಟಿಸಿತು. ಅದನ್ನು ಓದಿದ ಹುರುಪಿನಲ್ಲಿ ನಾನೂ ಸ್ಯಾಂಪಲ್ ಸೇರಿಸಲು ಹೊರಟೆ. ಒಪ್ಪಿಗೆ ಪತ್ರ ಓದಿ ಹೇಳುವಾಗ ಮಂಡ್ಯ ಕಡೆಯ ಹೆಂಗಸೊಬ್ಬರು, "ಇದ್ರಿಂದ ನಂಗೇನಾರ ಅನುಕೂಲ ಆಯ್ತದಾ ಅವ್ವಾ?" ಎಂದು ಕೇಳಿದರು. "ಆಗಬಹುದು" ಎಂದೆ. ಆ ಸಂಶೋಧನೆಯಿಂದ ಅವರಿಗೆ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಕೆಲವು ತಿಂಗಳ ಮೇಲೆ ಅವರು ಮಗನ ಜೊತೆ ಲ್ಯಾಬ್ ಹುಡುಕಿಕೊಂಡು ಬಂದು ಔಷಧಿ ಬಂತಾ ಎಂದು ವಿಚಾರಿಸಿದರು. ಉಳಿದ ಎಡವಟ್ಟುಗಳನ್ನು ನಗುತ್ತ ಹೇಳಬಲ್ಲೆ, ಇದನ್ನಲ್ಲ.

ಅದೇ ಪತ್ರದಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಎಲೆಅಡಿಕೆ, ಹೊಗೆಸೊಪ್ಪು ಹಾಕುತ್ತಿದ್ದಿರಾ, ಎಷ್ಟು ವರ್ಷ? ನಾನು ಕೇಳುತ್ತಿದ್ದ ಧಾಟಿಗೆ ಜನ ಕಳ್ಳತನ ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸುತ್ತಿದ್ದರು, ಸುಳ್ಳೂ ಹೇಳುತ್ತಿದ್ದರು. ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯಲ್ಲಿ. ತಂಬಾಕಿಲ್ಲದೆ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಹೇಳಿದ್ದನ್ನು ಒಮ್ಮೆ ಊಟದ ಹೊತ್ತಿಗೆ ಎತ್ತಿದೆ. ಅಪ್ಪಯ್ಯ ಮಜ್ಜಿಗೆ ಬಡಿಸಿಕೊಳ್ಳುತ್ತ, "ನಿನ್ನ ಕಾಲೇಜು ಫೀಸು ಕಟ್ಟಿದ್ದು ಯಾವ ದುಡ್ಡಲ್ಲಿ, ಗೊತ್ತಲ್ಲ?" ಎಂದರು. ಗೊತ್ತಿತ್ತು. ಆಮೇಲೆ ರೋಗಿಗಳನ್ನು ಕೇಳುವ ನನ್ನ ದನಿ ತಾನಾಗಿ ತಗ್ಗಿತು. ನಮ್ಮ ಮನೆಯಲ್ಲೂ ಹಾಕುತ್ತಾರೆ ಎಂದು ಮೊದಲೇ ಹೇಳಿಬಿಡುತ್ತೇನೆ, ಉತ್ತರಗಳು ಈಗ ನಿಜಕ್ಕೆ ಹತ್ತಿರ ಬರುತ್ತವೆ. ಅಪ್ಪಯ್ಯನಿಗೆ ಕೊಡಬೇಕಾದ ಉತ್ತರ ಮಾತ್ರ ಇನ್ನೂ ಬಾಕಿ ಇದೆ.

7. ಗೊತ್ತಿಲ್ಲದ್ದನ್ನು ಮೊದಲ ಪುಟದಲ್ಲೇ ಗೊತ್ತಿಲ್ಲ ಎಂದು ಬರೆಯಿರಿ

ಜೀನ್‌ನಲ್ಲಿ ಕಂಡ ಬದಲಾವಣೆಯನ್ನು ಐದು ಗುಂಪುಗಳಲ್ಲಿ ಒಂದಕ್ಕೆ ಹಾಕಬೇಕೆಂಬ ಪದ್ಧತಿ 2015ರಿಂದ ನೆಲೆಯೂರಿದೆ. ಒಂದು ತುದಿಯಲ್ಲಿ ರೋಗಕಾರಕ, ಇನ್ನೊಂದು ತುದಿಯಲ್ಲಿ ನಿರುಪದ್ರವಿ, ನಡುವೆ ವಿಯುಎಸ್, ಅಂದರೆ ಇದರ ಅರ್ಥ ಯಾರಿಗೂ ತಿಳಿಯದು ಎಂಬ ಗುಂಪು. ಸ್ತನ ಕ್ಯಾನ್ಸರ್ ಇದ್ದ ಒಬ್ಬರ ಬಿಆರ್‌ಸಿಎ2 ಜೀನ್‌ನಲ್ಲಿ ಅಂಥದ್ದೊಂದು ಸಿಕ್ಕಿತು. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ "ಬದಲಾವಣೆ ಪತ್ತೆಯಾಗಿದೆ" ಎಂದು ಹಾಕಿದೆ. ಅರ್ಥ ತಿಳಿಯದು ಎಂಬುದು ಕೊನೆಯ ಪುಟದ ಸಣ್ಣಕ್ಷರದಲ್ಲಿತ್ತು. ಅವರ ತಂಗಿ, ಆರೋಗ್ಯವಾಗಿದ್ದವರು, ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲೂ ಅದೇ ಇತ್ತು. ಅಂಡಾಶಯ ತೆಗೆಸಲು ದಿನ ಗೊತ್ತಾದ ಮೇಲೆ ಸರ್ಜನ್ ನನಗೆ ಫೋನ್ ಮಾಡಿದರು. ಕೊನೆಯ ಪುಟ ನೋಡಿ ಸರ್ ಎಂದೆ. "ಕೊನೇ ಪುಟ ಯಾರು ಓದ್ತಾರೆ ಮೇಡಂ?" ಆಪರೇಷನ್ ನಿಂತಿತು. ಅವರು ಫೋನ್ ಮಾಡದಿದ್ದರೆ ನಿಲ್ಲುತ್ತಿರಲಿಲ್ಲ.

ನಮ್ಮವರ ವರದಿಗಳಲ್ಲಿ ವಿಯುಎಸ್ ಕಾಟ ಹೆಚ್ಚು. ಹೋಲಿಸಿ ನೋಡುವ ದೊಡ್ಡ ಡೇಟಾಬೇಸುಗಳಲ್ಲಿ ಯುರೋಪ್ ಮೂಲದವರೇ ಹೆಚ್ಚಿದ್ದಾರೆ. ಅವರಲ್ಲಿ ಕಾಣದ್ದು ನಮ್ಮಲ್ಲಿ ಕಂಡರೆ ಅಪರೂಪದ್ದು, ಅನುಮಾನದ್ದು ಎನಿಸಿಬಿಡುತ್ತದೆ, ನಮ್ಮ ಊರುಗಳಲ್ಲಿ ಅದು ಮಾಮೂಲಿಯಾಗಿದ್ದರೂ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರ ಜೀನೋಮ್ ಓದಿರುವುದು ಈ ಕೊರತೆಯನ್ನು ಒಂದಷ್ಟು ತುಂಬುತ್ತದೆ. ಆ ಅಕ್ಕತಂಗಿಯರಲ್ಲಿ ಕಂಡದ್ದು, ಆರೋಗ್ಯವಂತರಲ್ಲೂ ಇದೆ ಎಂದು ತಿಳಿದ ಮೇಲೆ, ಈಗ ನಿರುಪದ್ರವಿಗಳ ಪಟ್ಟಿಯಲ್ಲಿದೆ.

ಹಳೆಯ ವಿಯುಎಸ್‌ಗಳನ್ನು ವರ್ಷಕ್ಕೊಮ್ಮೆ ಮತ್ತೆ ತಿರುವಿಹಾಕುತ್ತೇವೆ. ಅರ್ಥ ಬದಲಾದಾಗ ತಿಳಿಸುವುದು ಲ್ಯಾಬಿನ ಕೆಲಸವೋ, ಡಾಕ್ಟರರದೋ ಎಂಬ ಚರ್ಚೆ ಮುಗಿಯುವಂತೆ ಕಾಣುವುದಿಲ್ಲ. ಸದ್ಯಕ್ಕೆ ಡಾಕ್ಟರರಿಗೆ ನಾನೇ ಫೋನ್ ಮಾಡುತ್ತೇನೆ. ಆದರೆ ಅವರ ಬಳಿಯಿರುವ ರೋಗಿಯ ನಂಬರ್ ಎಷ್ಟೋ ಸಲ ಬದಲಾಗಿರುತ್ತದೆ. ಆದ್ದರಿಂದ ಫಾರ್ಮಿನಲ್ಲಿ ಎರಡನೆಯ ನಂಬರನ್ನೂ ಬರೆಸಿಕೊಳ್ಳಿ. ಅವರು ಒಪ್ಪಿದರೆ ತಂಗಿಯದೋ ಮಗಳದೋ ಆಗಲಿ, ಆ ಜೀನ್ ಅವರಿಗೂ ಸಂಬಂಧಪಟ್ಟದ್ದೇ.