ಹಣ್ಣಿಗೆ ಅವಸರ, ಬೀಜಕ್ಕೆ ತಡ

ಸೀಸನ್ನಿನ ಮೊದಲ ಮಾವಿಗೆ ಬೆಲೆ ಜಾಸ್ತಿ, ಎಲ್ಲರ ಮಾಲು ಬಂದ ಮೇಲೆ ಇಳಿಯುತ್ತದೆ. ನಾವು ವಾಣಿಜ್ಯ ವಿಭಾಗದವರು ಓದುವ ಬೇಡಿಕೆ-ಪೂರೈಕೆ ಪಾಠವನ್ನು ನ್ಯಾಮತಿಯ ಹಣ್ಣಿನ ಗಾಡಿಯ ಮುಂದೆಯೇ ಕಲಿಯಬಹುದು. ಪೀಚ್ ಬೆಳೆಯುವ ದೇಶಗಳಲ್ಲೂ ಇದೇ ಲೆಕ್ಕ. ಅದಕ್ಕೇ ಬೇಗ ಹಣ್ಣಾಗುವ ತಳಿಗಳಿಗೆ ಅಷ್ಟು ಬೇಡಿಕೆ. ಆದರೆ ಅಂಥ ತಳಿಗಳ ಬೀಜ ಮೊಳೆಯುವುದಿಲ್ಲ. ಯಾಕೆಂದು ಓದಿದಾಗ ನನಗೆ ಆಶ್ಚರ್ಯವಾಯಿತು.

ಪೀಚ್, ಪ್ಲಮ್, ಚೆರ್ರಿ, ಮಾವು ಎಲ್ಲವೂ ಓಟೆಯ ಹಣ್ಣುಗಳು. ಓಟೆಗೆ ನಮ್ಮ ಮನೆಯ ಉರ್ದುವಿನಲ್ಲಿ ಗುಠ್ಲಿ ಅನ್ನುತ್ತೇವೆ. (ಬಿರಿಯಾನಿಗೆ ಹಾಕುವ ಆಲೂಬುಖಾರಾ ಕೂಡ ಒಣಗಿಸಿದ ಪ್ಲಮ್ಮೇ.) ಪೀಚ್ ಕಾಯಿ ಮೂರು ಹಂತದಲ್ಲಿ ಬೆಳೆಯುತ್ತದೆ. ಮೊದಲು ಕಾಯಿ ಬೇಗಬೇಗ ದಪ್ಪವಾಗುತ್ತದೆ. ಆಮೇಲೆ ಹೊರಗಿನ ಬೆಳವಣಿಗೆ ನಿಧಾನವಾಗಿ, ಒಳಗೆ ಓಟೆ ಗಟ್ಟಿಯಾಗುತ್ತದೆ, ಭ್ರೂಣ ತುಂಬಿಕೊಳ್ಳುತ್ತದೆ. ಕೊನೆಗೆ ತಿರುಳು ಉಬ್ಬಿ ಹಣ್ಣಾಗುತ್ತದೆ. ಬೇಗ ಹಣ್ಣಾಗುವ ತಳಿಯಲ್ಲಿ ನಡುವಿನ ಹಂತ ತೀರಾ ಚಿಕ್ಕದು. ಹಣ್ಣು ಸಿಹಿಯಾಗಿರುತ್ತದೆ, ಭ್ರೂಣ ಮಾತ್ರ ಎಳಸು. ಬಿತ್ತಿದರೆ ಕೊಳೆಯುತ್ತದೆ.

ಹಾಗಾಗಿ ತಳಿ ತಜ್ಞರು ತಡವಾಗಿ ಹಣ್ಣಾಗುವ ಮರವನ್ನೇ ತಾಯಿ ಮಾಡಬೇಕಿತ್ತು. ಬೇಗ ಹಣ್ಣಾಗುವ ಮರದಿಂದ ಪರಾಗ ಮಾತ್ರ ಸಿಗುತ್ತಿತ್ತು. ಬೇಕಾದ ಗುಣ ಒಂದೇ ಕಡೆಯಿಂದ ಬಂದರೆ ಮರಿಗಿಡಗಳಲ್ಲಿ ಅದು ಸಿಗುವುದೂ ಕಡಿಮೆ.

1933ರಲ್ಲಿ ನ್ಯೂಯಾರ್ಕ್ ರಾಜ್ಯದ ಜಿನೀವಾ ಕೃಷಿ ಕೇಂದ್ರದ ಎಚ್.ಬಿ. ಟುಕಿ ಚೆರ್ರಿಯ ಎಳೆ ಭ್ರೂಣಗಳನ್ನು ಗಾಜಿನೊಳಗೆ ಬೆಳೆಸಿ ದಾರಿ ತೋರಿಸಿದರು. ಓಟೆ ಒಡೆದು, ಬೀಜವನ್ನು ಸೋಂಕಿಲ್ಲದಂತೆ ತೊಳೆದು, ಸಿಪ್ಪೆ ಬಿಡಿಸಿ, ಸಕ್ಕರೆ ಮತ್ತು ಲವಣ ಬೆರೆಸಿದ ಅಗರ್ ಮೇಲೆ ಭ್ರೂಣವನ್ನು ಇಡುತ್ತಾರೆ. ಬೀಜ ಕೊಡಬೇಕಾಗಿದ್ದ ಊಟವನ್ನು ನಳಿಕೆ ಕೊಡುತ್ತದೆ. ಭ್ರೂಣ ಎಳೆಯದಾದಷ್ಟೂ ಸಕ್ಕರೆ ಹೆಚ್ಚು ಬೇಕು. ಪೀಚ್ ಆದರೆ ಕೆಲವು ವಾರ ಫ್ರಿಜ್ಜಿನಂಥ ತಂಪಿನಲ್ಲೂ ಇಡಬೇಕು, ಇಲ್ಲದಿದ್ದರೆ ಸಸಿ ಕುಳ್ಳಾಗಿಯೇ ಉಳಿಯುತ್ತದೆ. ಆಮೇಲೆ ಬೆಳಕು, ಕೊನೆಗೆ ಮಣ್ಣು. ಮಣ್ಣಿಗೆ ಇಳಿಸುವಾಗಲೂ ಬಹಳಷ್ಟು ಸಸಿ ಸಾಯುತ್ತವೆ. ಬದುಕಿದವುಗಳಿಗೆ ತಾಯಿ, ತಂದೆ ಎರಡೂ ಬೇಗ ಹಣ್ಣಾಗುವ ಮರಗಳೇ ಇರಬಹುದು.

ನಮ್ಮ ಸೆಕೆಗೆ ಪೀಚ್ ಒಗ್ಗುವುದಿಲ್ಲ. ಆದರೆ ಸಸ್ಯಶಾಸ್ತ್ರದ ಪ್ರಕಾರ ತೆಂಗೂ ಓಟೆಯ ಹಣ್ಣೇ, ಕರಟವೇ ಅದರ ಓಟೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಭ್ರೂಣವನ್ನು ನಳಿಕೆಯಲ್ಲಿ ಬೆಳೆಸುತ್ತದೆ. ಅಲ್ಲಿ ಭ್ರೂಣ ಬಲಿತದ್ದೇ, ಉದ್ದೇಶ ಬೇರೆ: ದೂರದ ದ್ವೀಪಗಳ ತಳಿಗಳನ್ನು ಇಡೀ ಕಾಯಿ ಹೊರದೆ ತರುವುದು. ರೋಗ ಬರುವ ಭಯ ಕಡಿಮೆ, ಸಾಗಣೆ ಖರ್ಚೂ ಕಡಿಮೆ. ಶೇಂಗಾ ಬೀಜಕ್ಕಿಂತ ಚಿಕ್ಕದಾದ ಆ ಭ್ರೂಣ ಕಾಯಿಯ ಮೂರು ಕಣ್ಣುಗಳಲ್ಲಿ ಮೆತ್ತಗಿರುವುದರ ಕೆಳಗೆ ಇರುತ್ತದೆ. ಮುಂದಿನ ಸಲ ಕಾಯಿ ಒಡೆದಾಗ ಹುಡುಕಿ ನೋಡಿ.