ಲಾಗಿನ್ ಆಗದಿದ್ದರೆ ಎಲ್ಲಿ ನೋಡಬೇಕು? ದೋಷಪತ್ತೆಯ ಒಂದು ಪಾಠ

ತರಗತಿ: 9 (ಕನ್ನಡ ಮಾಧ್ಯಮ)
ಸ್ಥಳ: ಮಲ್ಲಸಮುದ್ರ
ಅವಧಿ: 40 ನಿಮಿಷ
ಸಾಮಗ್ರಿ: ರಟ್ಟಿನ ಚೀಟಿಗಳು, ಕಪ್ಪುಹಲಗೆ

ಪಾಠದ ಹಿನ್ನೆಲೆ

ಬಿ.ಎಸ್‌ಸಿ. ಮುಗಿಸಿ ಬಿ.ಇಡಿ. ಸೇರುವ ಮೊದಲು ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದೆ. 2021ರ ಏಪ್ರಿಲ್ ಕೊನೆಗೆ ರಾಜ್ಯದಲ್ಲಿ ಮತ್ತೆ ಲಾಕ್‌ಡೌನ್ ಆದಾಗ ಮಲ್ಲಸಮುದ್ರದ ಮನೆಯಿಂದಲೇ ಕೆಲಸ ಮಾಡಬೇಕಾಯಿತು. ನಮಗೆ ದಿನದ ಕೆಲಸ ಹಂಚುತ್ತಿದ್ದುದು ಕಚೇರಿಯೊಳಗಿನ ಸಂದೇಶ ಸರ್ವರ್ ಮೂಲಕ. ಮನೆಯಿಂದ ಅದಕ್ಕೆ ಲಾಗಿನ್ ಆಗಲೇ ಇಲ್ಲ. ಫೋನ್ ಮಾಡಿ ಎರಡು ಸಲ ಪಾಸ್‌ವರ್ಡ್ ಬದಲಿಸಿಕೊಂಡೆ. ತಂತ್ರಾಂಶ ತೆಗೆದು ಮತ್ತೆ ಹಾಕಿದೆ. ನಾಲ್ಕು ದಿನ ಹೋಯಿತು, ಆ ನಾಲ್ಕು ದಿನದ ಸಂಬಳವೂ ಹೋಯಿತು. ದೋಷ ಪಾಸ್‌ವರ್ಡಿನಲ್ಲಿ ಇರಲೇ ಇಲ್ಲ. ಈ ಅನುಭವವನ್ನೇ ಪಾಠ ಮಾಡಿದೆ.

ಉದ್ದೇಶಗಳು

1. ಲಾಗಿನ್ ಎಂಬುದು ಒಂದೇ ಕ್ರಿಯೆಯಲ್ಲ, ಹಂತಗಳ ಸರಪಳಿ ಎಂದು ಗುರುತಿಸುವರು.
2. ದೋಷಸೂಚನೆಯನ್ನು ಓದಿ, ಸರಪಳಿ ಎಲ್ಲಿ ಕಡಿದಿದೆ ಎಂದು ಹೇಳುವರು.
3. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರೀಕ್ಷಿಸುವರು.

ವಿಷಯಾಂಶ

ಕಚೇರಿಗಳ ಒಳಸಂದೇಶಕ್ಕೆ ಬಳಸುವ ಪದ್ಧತಿಗಳಲ್ಲಿ ಎಕ್ಸ್‌ಎಂಪಿಪಿ ಒಂದು. 1998ರಲ್ಲಿ ಜೆರೆಮಿ ಮಿಲ್ಲರ್ ಆರಂಭಿಸಿದ ಜ್ಯಾಬರ್ ಯೋಜನೆಯಿಂದ ಬೆಳೆದ ಇದು 2004ರಲ್ಲಿ ಇಂಟರ್‌ನೆಟ್ ಮಾನಕವಾಗಿ ಪ್ರಕಟವಾಯಿತು. ಲಾಗಿನ್ ಒತ್ತಿದಾಗ ಕ್ರಮವಾಗಿ ನಾಲ್ಕು ಕೆಲಸ ನಡೆಯುತ್ತವೆ.

ಹಂತ 1: ಸರ್ವರಿನ ಹೆಸರಿನಿಂದ ಅದರ ಅಂಕಿ ವಿಳಾಸ ಸಿಗಬೇಕು. ಸಿಗದಿದ್ದರೆ 'ಸರ್ವರ್ ಕಾಣಲಿಲ್ಲ'.
ಹಂತ 2: ಆ ವಿಳಾಸಕ್ಕೆ ದಾರಿ ಇರಬೇಕು, ಅಲ್ಲಿ ಬಾಗಿಲು ತೆರೆದಿರಬೇಕು. ಎಕ್ಸ್‌ಎಂಪಿಪಿಗೆ ಸಾಮಾನ್ಯವಾಗಿ 5222ನೇ ಪೋರ್ಟ್. ದಾರಿಯಲ್ಲಿ ಫೈರ್‌ವಾಲ್ ತಡೆದರೆ ಹೆಚ್ಚಾಗಿ 'ಸಮಯ ಮೀರಿತು' ಎಂದು ಬರುತ್ತದೆ.
ಹಂತ 3: ಸರ್ವರ್ ತನ್ನ ಪ್ರಮಾಣಪತ್ರ ತೋರಿಸುತ್ತದೆ. ಹೆಸರು ಹೊಂದದಿದ್ದರೆ, ಅವಧಿ ಮುಗಿದಿದ್ದರೆ ಅಥವಾ ನಮ್ಮ ಕಂಪ್ಯೂಟರಿನ ದಿನಾಂಕ ತಪ್ಪಿದ್ದರೆ ಎಚ್ಚರಿಕೆ ಬರುತ್ತದೆ.
ಹಂತ 4: ಇಲ್ಲಿ ಮಾತ್ರ ಬಳಕೆದಾರರ ಹೆಸರು, ಪಾಸ್‌ವರ್ಡ್ ಪರೀಕ್ಷೆ.

ನನಗೆ ಬರುತ್ತಿದ್ದುದು 'ಸರ್ವರ್ ಕಾಣಲಿಲ್ಲ'. ಅಂದರೆ ಒಂದನೇ ಹಂತವೇ ದಾಟಿರಲಿಲ್ಲ. ನಾನು ರಿಪೇರಿ ಮಾಡುತ್ತಿದ್ದುದು ನಾಲ್ಕನೆಯದನ್ನು.

ಪಾಠದ ಬೆಳವಣಿಗೆ

ತೊಡಗಿಸಿಕೊಳ್ಳುವಿಕೆ: "ನನಗೆ ಲಾಗಿನ್ ಆಗಲಿಲ್ಲ, ಏನು ತಪ್ಪಾಗಿರಬಹುದು?" ಎಂದು ಕೇಳಿದೆ. ಇಡೀ ತರಗತಿ "ಪಾಸ್‌ವರ್ಡ್ ತಪ್ಪು ಟೀಚರ್" ಎಂದಿತು.

ಪರಿಶೋಧನೆ: ನಾಲ್ವರನ್ನು ನಾಲ್ಕು ಹಂತಗಳಾಗಿ ಸಾಲಾಗಿ ನಿಲ್ಲಿಸಿದೆ. ಒಬ್ಬರ ಕಿವಿಯಲ್ಲಿ ಮಾತ್ರ "ಚೀಟಿ ಮುಂದೆ ಕೊಡಬೇಡ" ಎಂದೆ. ಉಳಿದವರು ಒಂದೊಂದೇ ಪ್ರಶ್ನೆ ಕೇಳಿ ತಡೆದವರನ್ನು ಹುಡುಕಬೇಕು. ಎರಡನೇ ಸುತ್ತಿನಲ್ಲಿ ಒಬ್ಬ ಹುಡುಗಿ ಎದ್ದು, "ಅಗಸಿ ತನಕ ಹೋಗದವರ ಕೈಯಾಗಿನ ಕೀಲಿಕೈ ಸರಿ ಇದ್ರೇನು, ತಪ್ಪಿದ್ರೇನು ಟೀಚರ್?" ಎಂದಳು. ನಾನು ಹೇಳಬೇಕೆಂದಿದ್ದ ಮಾತನ್ನು ಅವಳೇ ಹೇಳಿದಳು.

ವಿವರಣೆ: ಅವಳ ಅಗಸಿಯನ್ನೇ ಹಿಡಿದು ಮುಂದುವರಿದೆ. ಲಕೋಟೆಯ ಮೇಲೆ 'ಅಗಸಿ ಮುಂದಿನ ಮನೆ' ಎಂದಷ್ಟೇ ಬರೆದರೆ ಊರೊಳಗೆ ಮುಟ್ಟೀತು. ಲಕ್ಷ್ಮೇಶ್ವರದಿಂದ ಅಂಚೆಗೆ ಹಾಕಿದರೆ ಮುಟ್ಟುವುದಿಲ್ಲ, ಏಕೆಂದರೆ ಅಗಸಿ ಎಷ್ಟೋ ಊರಿಗೆ ಇದೆ. 10, 192.168 ಎಂದು ಆರಂಭವಾಗುವ ವಿಳಾಸಗಳು, 172.16ರಿಂದ 172.31ರವರೆಗಿನವು ಇಂಥ ಒಳವಿಳಾಸಗಳು. ಹೊರಗಿನ ಇಂಟರ್‌ನೆಟ್‌ನಲ್ಲಿ ಅವಕ್ಕೆ ದಾರಿ ಇಲ್ಲ. ಕಚೇರಿಯ ಸರ್ವರಿನ ವಿಳಾಸವೂ ಅಂಥದ್ದೇ, ಅದರ ಹೆಸರು ಗೊತ್ತಿದ್ದುದೂ ಕಚೇರಿಯೊಳಗೆ ಮಾತ್ರ.

ವಿಸ್ತರಣೆ: ಪರಿಹಾರ ವಿಪಿಎನ್. ಹೊರಗಿನಿಂದ ಕಚೇರಿಯ ಜಾಲದೊಳಕ್ಕೆ ಹೋಗುವ ಗೂಢಲಿಪಿಯ ಹಾದಿ ಅದು. ಅದು ಸಿಕ್ಕ ಮೇಲೂ ನನ್ನ ಕೆಲಸ ಆಗಲಿಲ್ಲ. ಮನೆಯ ರೌಟರ್, ಕಚೇರಿ ಎರಡೂ 192.168.1 ಸಾಲಿನ ವಿಳಾಸ ಬಳಸುತ್ತಿದ್ದವು. ನನ್ನ ಕಂಪ್ಯೂಟರ್ ಸರ್ವರನ್ನು ನಮ್ಮ ಮನೆಯಲ್ಲೇ ಹುಡುಕುತ್ತಿತ್ತು! ಬೇರೇನನ್ನೂ ಮುಟ್ಟದೆ ರೌಟರಿನ ಸಾಲನ್ನಷ್ಟೇ ಬದಲಿಸಿದಾಗ ಲಾಗಿನ್ ಆಯಿತು. "ಕಚೇರಿಯವರು ಬಾಗಿಲನ್ನು ಎಲ್ಲರಿಗೂ ತೆರೆದಿಟ್ಟರೆ ಸುಲಭ ಅಲ್ಲವೇ?" ಎಂದು ಒಬ್ಬ ಕೇಳಿದ. ಹಾಗೆ ಮಾಡಿದರೆ ಅಪರಿಚಿತರೂ ಬಾಗಿಲು ಬಡಿಯುತ್ತಾರೆ, ಪ್ರಮಾಣಪತ್ರದ ಎಚ್ಚರಿಕೆಯನ್ನೂ ಕಣ್ಣುಮುಚ್ಚಿ ಒಪ್ಪಬಾರದು ಎಂದು ತಿಳಿಸಿದೆ.

ಮೌಲ್ಯಮಾಪನ

ನಾಲ್ಕು ದೋಷಸೂಚನೆಗಳ ಚೀಟಿ ಕೊಟ್ಟು, ಯಾವ ಹಂತದ್ದೆಂದು ಬರೆಯಲು ಹೇಳಿದೆ. ಆಟದಲ್ಲಿ ಎಲ್ಲರಿಗಿಂತ ಬೇಗ ಉತ್ತರ ಹೇಳುತ್ತಿದ್ದ ಹುಡುಗನೊಬ್ಬ ಇಲ್ಲಿ ನಾಲ್ಕನ್ನೂ ತಪ್ಪು ಬರೆದ. "ಇನ್ನೊಮ್ಮೆ ಸರಿಯಾಗಿ ಓದು" ಎಂದೆ. ಮತ್ತೆ ನಾಲ್ಕೂ ತಪ್ಪು.

ಆತ್ಮಾವಲೋಕನ

ಮನೆಗೆ ಹೋದ ಮೇಲೆ ಹೊಳೆಯಿತು: 'ಇನ್ನೊಮ್ಮೆ ಓದು' ಎನ್ನುವುದು ಪಾಸ್‌ವರ್ಡ್ ಇನ್ನೊಮ್ಮೆ ಬದಲಿಸಿದ ಹಾಗೆಯೇ. ಮರುದಿನ ಅವನ ಪಕ್ಕ ಕುಳಿತು ಹಂತ ಹಂತವಾಗಿ ಕೇಳಿದೆ. ಹಂತಗಳು ಗೊತ್ತಿದ್ದವು, ಕ್ರಮ ಗೊತ್ತಿತ್ತು. ಚೀಟಿಯ ಮೇಲಿನ ಇಂಗ್ಲಿಷ್ ವಾಕ್ಯವನ್ನು ಮಾತ್ರ ಅವನಿಗೆ ಓದಲು ಬರುತ್ತಿರಲಿಲ್ಲ, ಅದನ್ನು ಹೇಳಲು ನಾಚಿಕೆ. ಪರದೆಯ ಮೇಲೆ ಬರುವಂತೆಯೇ ಇರಲಿ ಎಂದು ಇಂಗ್ಲಿಷಿನಲ್ಲಿ ಬರೆದವಳು ನಾನೇ. ಚೀಟಿಯ ಹಿಂದೆ ಕನ್ನಡದಲ್ಲೂ ಬರೆದುಕೊಟ್ಟೆ. ಈ ಸಲ ಮೂರು ಸರಿ. ತಪ್ಪಿದ ಒಂದನ್ನು ಅವನೇ ಚರ್ಚಿಸಿ ತಿದ್ದಿಕೊಂಡ.

ಮಗುವಿಗೆ 'ತಿಳಿದಿಲ್ಲ' ಎಂದು ನಿರ್ಧರಿಸುವ ಮುನ್ನ ಯಾವ ಹಂತದವರೆಗೆ ತಿಳಿದಿದೆ ಎಂದು ಕೇಳಬೇಕು. ಇದು ಶೋಧಕ ಪ್ರಶ್ನೆ ಕೌಶಲವೇ. ಸೂಕ್ಷ್ಮ ಬೋಧನೆಯಲ್ಲಿ ಅಭ್ಯಾಸ ಮಾಡಿದ್ದೆ, ತರಗತಿಯಲ್ಲಿ ಮರೆತಿದ್ದೆ.

ಈ ಪಾಠ ಮಾಡುವ ಸಹಪಾಠಿಗಳಿಗೆ ಎರಡು ಸೂಚನೆ: ಕಂಪ್ಯೂಟರ್ ಇಲ್ಲದೆಯೂ ಇದನ್ನು ಕಲಿಸಬಹುದು. ದೋಷಸೂಚನೆಯ ಚೀಟಿಗಳು ಮೊದಲ ದಿನದಿಂದಲೇ ಎರಡೂ ಭಾಷೆಯಲ್ಲಿರಲಿ.